ಭಾನುವಾರದ ಗಂಟೆಗೆ ಎಷ್ಟು ರೇಟು?

ಅಮೆರಿಕದಲ್ಲಿರುವ ನಮ್ಮ ಸಾಫ್ಟ್‌ವೇರ್ ಮಂದಿಗೆ ಒಂದು ಲೆಕ್ಕ ಮಗ್ಗಿ ಥರ ಬಾಯಿಗೆ ಬಂದಿರುತ್ತದೆ. ವರ್ಷದ ಸಂಬಳವನ್ನು 2,080ರಿಂದ ಭಾಗಿಸಿ. ವಾರಕ್ಕೆ 40 ಗಂಟೆ, ವರ್ಷಕ್ಕೆ 52 ವಾರ. ಬಂದ ಉತ್ತರವೇ ‘ನನ್ನ ಒಂದು ಗಂಟೆಯ ಬೆಲೆ’. ಆಮೇಲೆ ಆ ಒಂದು ಸಂಖ್ಯೆ ಹಿಡ್ಕೊಂಡು ಇಡೀ ಜೀವನ ಅಳೆಯೋದು. ಹಿತ್ತಲ ಹುಲ್ಲು ಕತ್ತರಿಸಬೇಕಾ? ನನ್ನ ಗಂಟೆಗೆ 65 ಡಾಲರ್, ಹುಲ್ಲಿನವನು 45ಕ್ಕೆ ಮಾಡ್ತಾನೆ, ಕೊಟ್ಟುಬಿಡು. ಅಡುಗೆಮನೆ ನಲ್ಲಿ ಸೋರ್ತಿದೆಯಾ? ಪ್ಲಂಬರನ್ನ ಕರಿ. ಮಗುವಿಗೆ ಸೈಕಲ್ ಕಲಿಸಬೇಕಾ? ಅದಕ್ಕೂ ಕೋಚ್ ಸಿಗ್ತಾರಂತೆ. ಹೀಗೆ ಉಳಿಸಿದ ಗಂಟೆಗಳೆಲ್ಲ ಎಲ್ಲಿಗೆ ಹೋದವು ಅಂತ ಮಾತ್ರ ಯಾರೂ ಲೆಕ್ಕ ಇಡೋದಿಲ್ಲ. ನಾನು ನೋಡಿದ ಮಟ್ಟಿಗೆ ಸೋಫಾದ ಮೇಲೆ ಬಿದ್ದುಕೊಂಡು, ಇನ್ನೊಬ್ಬ ಯಾರೋ ಏನೋ ಮಾಡ್ತಿರೋ ವಿಡಿಯೋ ನೋಡೋದಕ್ಕೆ ಹೋಗುತ್ತವೆ.

ಈ ಲೆಕ್ಕ ತಪ್ಪು ಅಂತ ನನ್ನ ವಾದ. ಮನಸ್ಸಿಗೆ ಒಪ್ಪೋದಿಲ್ಲ ಅನ್ನೋ ಭಾವುಕ ಮಾತು ಬಿಡಿ, ಲೆಕ್ಕವಾಗಿಯೇ ತಪ್ಪು. ಸಾಕ್ಷಿಗೆ 2024ರ ಅಕ್ಟೋಬರ್ 31ರ ರಾತ್ರಿ ಡಲ್ಲಾಸ್ ಪಕ್ಕದ ನಮ್ಮನೆ ಮುಂದೆ ತೂಗುಕುರ್ಚಿಯಲ್ಲಿ ಕೂತಿದ್ದ ಒಬ್ಬ ಅಜ್ಜಿಯನ್ನ ಕರೀತೀನಿ. ಅಜ್ಜಿ ಅಂದ್ರೆ ದೆವ್ವ. ದೆವ್ವ ಅಂದ್ರೆ ಒಂದು ವೈಪರ್ ಮೋಟರು, ಒಂದಷ್ಟು ಪಿವಿಸಿ ಪೈಪು, ಬಾಸ್ಮತಿ ಅಕ್ಕಿ ಬಂದ ಎರಡು ಗೋಣಿಚೀಲ.

ಬೆಂಗಳೂರಲ್ಲಿ ಕೂತು ಓದುವವರಿಗೆ ಹ್ಯಾಲೋವೀನ್ ಅಂದರೆ ಪಬ್ಬಿನ ಪಾರ್ಟಿ ಇರಬಹುದು. ಇಲ್ಲಿ ಅದು ಮನೆಯಂಗಳದ ಹಬ್ಬ. ಅಂಗಳ ಅಂದರೆ ಮನೆಗೂ ಫುಟ್‌ಪಾತಿಗೂ ನಡುವಿನ ಆ ಹುಲ್ಲಿನ ತುಂಡು. ವರ್ಷದ 364 ದಿನ ಅದರ ಮೇಲೆ ಹೊರಗಿನವರು ಯಾರೂ ಕಾಲಿಡೋದಿಲ್ಲ. ಅವತ್ತೊಂದು ಸಂಜೆ ಮಾತ್ರ ಗುರುತು ಪರಿಚಯ ಇಲ್ಲದ ಮಕ್ಕಳು ವೇಷ ಹಾಕ್ಕೊಂಡು, ಚೀಲ ಹಿಡ್ಕೊಂಡು ಬಾಗಿಲು ತಟ್ಟುತ್ತಾರೆ, ನೀವು ಚಾಕಲೇಟ್ ಕೊಡಬೇಕು. ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲದ ದೇಶದಲ್ಲಿ ಇದು ಸಣ್ಣ ಸಂಗತಿ ಅಲ್ಲ. ಆ ಮಕ್ಕಳನ್ನ ಹೆದರಿಸೋಕೆ ಅಂತ ಅಂಗಳದಲ್ಲಿ ಗೋರಿಕಲ್ಲು, ಅಸ್ಥಿಪಂಜರ, ಜೇಡರಬಲೆ ಎಲ್ಲ ಏಳುತ್ತವೆ. ಕೆಲವು ಅಲ್ಲಾಡುತ್ತವೆ, ಕೆಲವು ಕಿರುಚುತ್ತವೆ.

ಮನೆಯಲ್ಲೇ ಇಂಥವನ್ನ ಮಾಡೋ ಒಂದು ದೊಡ್ಡ ಗ್ಯಾರೇಜ್ ಪರಂಪರೆಯೇ ಈ ದೇಶದಲ್ಲಿದೆ. ಡಿಸ್ನಿಲ್ಯಾಂಡಿನ ಹಾಂಟೆಡ್ ಮ್ಯಾನ್ಶನ್ 1969ರಲ್ಲಿ ಶುರುವಾಯಿತು. ಅಲ್ಲಿ ಗಾಳಿಯಲ್ಲಿ ತೇಲಿದಂತೆ ಕಾಣೋ ದೆವ್ವಗಳ ಹಿಂದೆ ಇರೋದು 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಪ್ರದರ್ಶಿಸಿದ ಗಾಜಿನ ಪ್ರತಿಬಿಂಬದ ತಂತ್ರ. ಅದನ್ನ ನೋಡಿ ಬಂದ ಮಂದಿ ತಮ್ಮ ತಮ್ಮ ಗ್ಯಾರೇಜಿನಲ್ಲಿ ಗುಜರಿ ಮೋಟರು, ಮೀನಿನ ದಾರ, ಹಳೇ ಪರದೆ ಬಟ್ಟೆ ಹಾಕಿ ಅಂಥದ್ದೇ ಮಾಡೋಕೆ ಹೊರಟರು. ಎಂಜಿನಿಯರುಗಳೇ ಆಗಿರಬೇಕು ಅಂತೇನಿಲ್ಲ. ಬಡಗಿ, ಲಾರಿ ಡ್ರೈವರ್, ಶಾಲೆ ಟೀಚರ್, ಎಲ್ಲರೂ.

ಆಮೇಲೆ 2020ರಲ್ಲಿ ಹೋಮ್ ಡಿಪೋದವರು 12 ಅಡಿ ಎತ್ತರದ ಪ್ಲಾಸ್ಟಿಕ್ ಅಸ್ಥಿಪಂಜರ ತಂದರು. ಬೆಲೆ 299 ಡಾಲರ್. ಬಂದಂಗೇ ಖಾಲಿ. ಈಗ ನಮ್ಮ ಬಡಾವಣೆಯಲ್ಲಿ ಅಕ್ಟೋಬರಿನಲ್ಲಿ ವಾಕಿಂಗ್ ಹೋದರೆ ಒಂದೇ ಅಚ್ಚಿನ ಅಸ್ಥಿಪಂಜರಗಳು ಬೀದಿ ಉದ್ದಕ್ಕೂ ನಿಂತಿರುತ್ತವೆ, ಚುನಾವಣೆ ಕಟೌಟ್ ಥರ. ನಮ್ಮವರ ಮನೆಗಳ ಮುಂದೆ ಸ್ವಲ್ಪ ಜಾಸ್ತಿಯೇ.

ನನ್ನ ಹಳೇ ರೂಮ್‌ಮೇಟ್ ಒಬ್ಬ ಇದ್ದಾನೆ. ನಾನು ಗ್ಯಾರೇಜಿನಲ್ಲಿ ಪೈಪ್ ಕುಯ್ಯುತ್ತಾ ಕೂತಿರೋದನ್ನ ನೋಡಿ ಅಂದ, “ಮಗಾ, ಒಟ್ಟು ನಲವತ್ತು ಗಂಟೆ ಹಾಕ್ತಿದ್ದೀಯ. ನಿನ್ನ ರೇಟಲ್ಲಿ ಎರಡು ಸಾವಿರದ ಆರುನೂರು ಡಾಲರ್ ಆಯ್ತು. ಅಷ್ಟಕ್ಕೆ ಎಂಟು ಅಸ್ಥಿಪಂಜರ ಬರ್ತಿತ್ತಲ್ಲೋ.”

ಗುಣಾಕಾರ ಸರಿಯಾಗಿದೆ. ಆದರೆ ಆ 65 ಡಾಲರ್ ಕೊಡೋನು ಯಾರು? ಯಾವುದೇ ವಸ್ತುವಿಗೆ ಬೆಲೆ ಇದೆ ಅನ್ನಬೇಕಾದ್ರೆ ಕೊಳ್ಳೋನು ಒಬ್ಬ ಇರಬೇಕು. ನಮ್ಮೂರ ಸಂತೆಯಲ್ಲಿ ಸೊಪ್ಪಿನ ಕಂತೆ ಹಿಡಿದು ಕೂತ ಅಜ್ಜಮ್ಮನಿಗೂ ಗೊತ್ತಿರೋ ಅರ್ಥಶಾಸ್ತ್ರ ಇದು. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನನ್ನ ಒಂದು ಗಂಟೆಯನ್ನ ಕೊಳ್ಳೋಕೆ ಯಾರೂ ಬಾಗಿಲಲ್ಲಿ ನಿಂತಿಲ್ಲ. ಸಂಬಳ ತಿಂಗಳಿಗೆ ಫಿಕ್ಸ್. ನಾನು ದೆವ್ವ ಮಾಡಿದರೂ ಅಷ್ಟೇ, ಬಿದ್ದು ನಿದ್ದೆ ಹೊಡೆದರೂ ಅಷ್ಟೇ. ಇನ್ನೂ ಒಂದು ತಮಾಷೆ ಕೇಳಿ. ನಮ್ಮಲ್ಲಿ ಬಹುಪಾಲು ಜನ ಎಚ್-1ಬಿ ವೀಸಾದಲ್ಲಿರೋರು. ಆ ವೀಸಾದಲ್ಲಿ ಸ್ಪಾನ್ಸರ್ ಮಾಡಿದ ಕಂಪನಿ ಬಿಟ್ಟು ಬೇರೆ ಯಾರ ಹತ್ರವೂ ದುಡ್ಡಿಗೆ ದುಡಿಯೋ ಹಾಗೇ ಇಲ್ಲ. ಅಂದರೆ ನನ್ನ ಭಾನುವಾರದ ಗಂಟೆಗೆ ಅಮೆರಿಕ ಸರ್ಕಾರವೇ ರೇಟು ಗೊತ್ತುಮಾಡಿದೆ: ಸೊನ್ನೆ. ಸೊನ್ನೆಯನ್ನ ನಲವತ್ತರಿಂದ ಗುಣಿಸಿ ನೋಡು ಅಂದೆ. ಅವನು ಸುಮ್ಮನೆ ಟೀ ಕುಡಿದ.

ಆ ಲೆಕ್ಕದಲ್ಲಿ ಇನ್ನೊಂದು ಅಪಾಯ ಇದೆ, ಅದು ತಮಾಷೆಯದ್ದಲ್ಲ. 2023ರ ಶುರುವಿನಲ್ಲಿ ಲೇಆಫ್‌ಗಳು ನಡೆದವಲ್ಲ, ಆಗ ನಮ್ಮ ಬೀದಿಯಲ್ಲೇ ಇದ್ದ ಒಬ್ಬರಿಗೆ ಬೆಳಗಿನ ಈಮೇಲಿನಲ್ಲಿ ಕೆಲಸ ಹೋಯಿತು. ವೀಸಾ ನಿಯಮದ ಪ್ರಕಾರ ಇನ್ನೊಂದು ಕೆಲಸ ಹುಡುಕೋಕೆ ಹೆಚ್ಚೆಂದರೆ 60 ದಿನ. ಹಿಂದಿನ ರಾತ್ರಿವರೆಗೆ ಗಂಟೆಗೆ ಅಷ್ಟು ಡಾಲರ್ ಬೆಲೆಬಾಳುತ್ತಿದ್ದ ಮನುಷ್ಯ ಬೆಳಗಾಗೋದರೊಳಗೆ ಅವರದೇ ಸೂತ್ರದ ಪ್ರಕಾರ ಏನೂ ಅಲ್ಲ. ಅವರು ಒಂದು ಮಾತು ಹೇಳಿದರು: ಎಂಟು ವರ್ಷ ಏನು ಮಾಡಿದೆ ಅಂತ ಮಗಳು ಕೇಳಿದರೆ ಕೈಯಲ್ಲಿ ಹಿಡಿದು ತೋರಿಸೋಕೆ ಒಂದು ವಸ್ತು ಇಲ್ಲ ಸಾರ್, ಲ್ಯಾಪ್‌ಟಾಪನ್ನೂ ವಾಪಸ್ ಕೊರಿಯರ್ ಮಾಡಬೇಕು. ಐವತ್ತೆಂಟನೇ ದಿನಕ್ಕೆ ಕೆಲಸ ಸಿಕ್ಕಿತು, ಬೇರೆ ಊರಿಗೆ ಹೋದರು. ಆ ಮಾತು ನಮ್ಮ ಬೀದಿಯಲ್ಲೇ ಉಳಿಯಿತು.

ಸರಿ, ಅಜ್ಜಿಗೆ ಬರೋಣ.

ತೂಗುಕುರ್ಚಿ ಸಿಕ್ಕಿದ್ದು ರಸ್ತೆಬದಿಯಲ್ಲಿ. ಇಲ್ಲಿ ದೊಡ್ಡ ಸಾಮಾನಿನ ಕಸ ಎತ್ತೋ ದಿನ ಅಂತ ಬರುತ್ತೆ, ಹಿಂದಿನ ಸಂಜೆ ಜನ ಕುರ್ಚಿ, ಮೇಜು, ಮಂಚ ಎಲ್ಲ ಹೊರಗಿಡುತ್ತಾರೆ. ಒಂದು ಕೈ ಮುರಿದಿತ್ತು, ದೆವ್ವಕ್ಕೆ ಅದೇ ಚೆಂದ. ಮೋಟರು ಗುಜರಿಯದು. ಇಲ್ಲಿನ ಗುಜರಿಗಳಲ್ಲಿ ಸ್ಪ್ಯಾನರ್ ನಾವೇ ತಗೊಂಡು ಹೋಗಿ, ಸಾಲಾಗಿ ನಿಲ್ಲಿಸಿರೋ ಕಾರುಗಳಿಂದ ನಮಗೆ ಬೇಕಾದ್ದನ್ನ ಬಿಚ್ಚಿಕೊಂಡು ಬರಬಹುದು. ಇಪ್ಪತ್ತು ಡಾಲರಿಗೆ ಒಂದು ವೈಪರ್ ಮೋಟರು.

ಈ ವೈಪರ್ ಮೋಟರ್ ಅನ್ನೋದು ಎಂಥ ಅದ್ಭುತ ವಸ್ತು ಅಂತ ಕಾರು ಓಡಿಸೋ ನಮಗೆ ಗೊತ್ತೇ ಇರೋದಿಲ್ಲ ಕಣ್ರಿ. 12 ವೋಲ್ಟಿನ ಡಿಸಿ ಮೋಟರು, ಅದರ ತಲೆಗೆ ಒಂದು ವರ್ಮ್ ಗೇರು. ವೇಗ ಕಮ್ಮಿ, ಜೋರು ಜಾಸ್ತಿ. ಮಳೆ, ಧೂಳು, ಮಂಜು ಎಲ್ಲ ತಡೆಯೋಕೆ ಅಂತಲೇ ಮಾಡಿರೋದು. ನಂದು 12 ವೋಲ್ಟಿಗೆ ನಿಮಿಷಕ್ಕೆ ಸುಮಾರು 45 ಸುತ್ತು ಸುತ್ತುತ್ತಿತ್ತು. ಅಜ್ಜಿ ಆ ವೇಗದಲ್ಲಿ ತೂಗಿದರೆ ರಾಗಿ ಬೀಸೋ ಕಲ್ಲಿಗೆ ಕೂರಿಸಿದ ಹಾಗಿರುತ್ತೆ. 5 ವೋಲ್ಟ್ ಕೊಟ್ಟರೆ ಇಪ್ಪತ್ತರ ಒಳಗೆ ಬಂತು, ನಿಜವಾದ ಅಜ್ಜಿ ಊಟ ಆದಮೇಲೆ ತೂಗೋ ಹದ. ಕರೆಂಟಿಗೆ ಹಳೇ ಡೆಸ್ಕ್‌ಟಾಪ್ ಕಂಪ್ಯೂಟರಿನ ಪವರ್ ಸಪ್ಲೈ. ಅದರಲ್ಲಿ ಕೆಂಪು ವೈರು 5 ವೋಲ್ಟ್, ಹಳದಿ 12, ಕಪ್ಪು ಗ್ರೌಂಡ್. ಹಸಿರು ವೈರನ್ನ ಕಪ್ಪಿಗೆ ಸೇರಿಸಿದರೆ ಮದರ್‌ಬೋರ್ಡ್ ಇಲ್ಲದೆಯೂ ಹೊತ್ತಿಕೊಳ್ಳುತ್ತೆ. ಎಷ್ಟು ಮನೆಗಳ ಅಟ್ಟದ ಮೇಲೆ ಇಂಥ ಪೆಟ್ಟಿಗೆ ಧೂಳು ತಿಂತಾ ಕೂತಿದೆಯೋ.

ಮೋಟರಿನ ತುದಿಗೆ ಎರಡಿಂಚಿನ ಕಬ್ಬಿಣದ ಪಟ್ಟಿ, ಅಲ್ಲಿಂದ ಕುರ್ಚಿಯ ಕಾಲಿಗೆ ಒಂದು ಉದ್ದ ಕಡ್ಡಿ. ಪಟ್ಟಿ ಪೂರ್ತಿ ಸುತ್ತುತ್ತೆ, ಕುರ್ಚಿ ಹಿಂದೆ ಮುಂದೆ ಹೋಗುತ್ತೆ. ಮೆಕ್ಯಾನಿಕಲ್ ಬಿಇ ಓದಿ ಸಾಫ್ಟ್‌ವೇರಿಗೆ ಹಾರಿದ ನನ್ನಂಥವರು ಸಾವಿರಾರು ಜನ ಇದ್ದೀವಿ. ನಿಮಗೆ ನೆನಪಿರಬಹುದು, ಗ್ರಾಶಾಫ್ ನಿಯಮ. ನಾಲ್ಕು ಕಡ್ಡಿಗಳ ಜೋಡಣೆಯಲ್ಲಿ ಅತಿ ಗಿಡ್ಡದ್ದೂ ಅತಿ ಉದ್ದದ್ದೂ ಸೇರಿ ಉಳಿದೆರಡರ ಮೊತ್ತ ಮೀರದಿದ್ದರೆ ಮಾತ್ರ ಗಿಡ್ಡದ್ದು ಪೂರ್ತಿ ಸುತ್ತು ಹೊಡೆಯುತ್ತೆ. ಎಕ್ಸಾಮಿನಲ್ಲಿ ಹತ್ತು ಮಾರ್ಕ್ಸಿಗೆ ಚಿತ್ರ ಬರೆದಿದ್ದೆವು. ಆ ಚಿತ್ರ ಹುಲ್ಲಿನ ಮೇಲೆ ಕಿರ್ರ್ ಅಂತ ಸದ್ದು ಮಾಡ್ತಾ ತೂಗೋದನ್ನ ನೋಡೋಕೆ ನನಗೆ ಹದಿನೈದು ವರ್ಷ ಹಿಡಿಯಿತು. ನಾಲ್ಕು ವರ್ಷ ಫೀಸು ಕಟ್ಟಿದ ಅಪ್ಪನಿಗೆ ವಿಡಿಯೋ ಕಳಿಸಿದೆ. ಅಪ್ಪ ಕೇಳಿದ್ದು ಒಂದೇ: “ಗ್ರೀಸ್ ಹಾಕಿದ್ದೀಯೇನೋ?”

ಈಗ ಈ ಮೋಟರಿನ ಅಸಲಿ ಗುಟ್ಟು. ಮಳೆ ನಿಂತಾಗ ನೀವು ವೈಪರ್ ಸ್ವಿಚ್ ಆಫ್ ಮಾಡ್ತೀರ. ವೈಪರ್ ಕಡ್ಡಿ ಗಾಜಿನ ಮಧ್ಯದಲ್ಲಿ ನಿಲ್ಲೋದಿಲ್ಲ, ಕೆಳಗೆ ತನ್ನ ಜಾಗಕ್ಕೆ ಹೋಗಿ ಮಲಗುತ್ತೆ. ಅದು ಹೇಗೆ? ಗೇರಿನ ಮೇಲೇ ಒಂದು ತಾಮ್ರದ ಬಿಲ್ಲೆ ಇದೆ, ಅದರಲ್ಲೊಂದು ಕಡೆ ಕಚ್ಚು. ಸ್ವಿಚ್ ಆಫ್ ಆದ ಮೇಲೂ ಆ ಬಿಲ್ಲೆಯ ಮೂಲಕ ಕರೆಂಟ್ ಹರೀತಾನೇ ಇರುತ್ತೆ. ಕಚ್ಚು ಬಂದಾಗ ಮಾತ್ರ ಸಂಪರ್ಕ ತಪ್ಪಿ ಮೋಟರ್ ನಿಲ್ಲುತ್ತೆ. ಅಂದರೆ ಎಲ್ಲೇ ಆಫ್ ಮಾಡಿದರೂ ಅದು ನಿಲ್ಲೋದು ಒಂದೇ ಜಾಗದಲ್ಲಿ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಬರೀ ಒಂದು ಕಚ್ಚು. ನಾನು ಆ ಜಾಗವನ್ನ ಕುರ್ಚಿ ಪೂರ್ತಿ ಮುಂದಕ್ಕೆ ಬಾಗಿದ ಜಾಗಕ್ಕೆ ಹೊಂದಿಸಿದೆ. ಅಜ್ಜಿ ಯಾವಾಗ ನಿಂತರೂ ನಿಮ್ಮ ಕಡೆ ಬಗ್ಗಿಯೇ ನಿಲ್ತಾಳೆ.

ಅಂಗಡಿಯ ದೆವ್ವಕ್ಕೂ ಮನೆಯ ದೆವ್ವಕ್ಕೂ ಇರೋ ವ್ಯತ್ಯಾಸ ಇಲ್ಲೇ ಇದೆ. ಅಂಗಡಿಯಲ್ಲಿ ಅಲ್ಲಾಡೋ ದೆವ್ವಗಳನ್ನ ಸಾಲಾಗಿ ನಿಲ್ಲಿಸಿರುತ್ತಾರಲ್ಲ, ಅವಕ್ಕೆ ಒಂದು ‘ಟ್ರೈ ಮಿ’ ಬಟನ್ ಇರುತ್ತೆ. ಒತ್ತಿದರೆ ಕಣ್ಣು ಕೆಂಪಾಗುತ್ತೆ, ತಲೆ ಕುಣಿಯುತ್ತೆ, ಕಿರುಚುತ್ತೆ, ಐದಾರು ಸೆಕೆಂಡಿನಲ್ಲಿ ತನ್ನ ಬಂಡವಾಳ ಎಲ್ಲ ತೋರಿಸಿ ಮುಗಿಸುತ್ತೆ. ಯಾಕಂದ್ರೆ ಟ್ಯೂಬ್‌ಲೈಟ್ ಕೆಳಗೆ, ಶಾಪಿಂಗ್ ಗಾಡಿ ತಳ್ಳಿಕೊಂಡು ಹೋಗೋ ಗಿರಾಕಿಯನ್ನ ಅಷ್ಟರೊಳಗೆ ಹಿಡಿಯಬೇಕು. ಅದು ಮಕ್ಕಳನ್ನ ಹೆದರಿಸೋಕೆ ಡಿಸೈನ್ ಆಗಿಲ್ಲ ಸ್ವಾಮಿ, ಮಾರಾಟ ಆಗೋಕೆ ಡಿಸೈನ್ ಆಗಿದೆ. ಕಿರುಚೋದು ಭಯವೇ ಅಲ್ಲ. ಹಳ್ಳಿಯಲ್ಲಿ ಕತ್ತಲಲ್ಲಿ ನಡೆದು ಬಂದವರನ್ನ ಕೇಳಿ. ಜೀರುಂಡೆ ಕೂಗ್ತಾ ಇರೋವಷ್ಟು ಹೊತ್ತು ಧೈರ್ಯ ಇರುತ್ತೆ. ಅದು ಗಪ್ ಅಂತ ನಿಂತಾಗ ಬೆನ್ನು ತಣ್ಣಗಾಗುತ್ತೆ.

ಅದಕ್ಕೇ ನನ್ನ ಅಜ್ಜಿ ಉಲ್ಟಾ. ಯಾರೂ ಇಲ್ಲದಾಗ ಅವಳು ತೂಗ್ತಾ ಇರ್ತಾಳೆ. ಮಗು ಹತ್ತಿರ ಬಂದಾಗ ನಿಲ್ಲಿಸ್ತಾಳೆ. ಒಂದೂವರೆ ಸೆಕೆಂಡು ಏನೂ ಆಗೋದಿಲ್ಲ. ಆಮೇಲೆ ತಲೆ ಮಾತ್ರ ನಿಧಾನಕ್ಕೆ ತಿರುಗುತ್ತೆ. ಅಷ್ಟೇ. ಇದನ್ನ ಯಾವ ಅಂಗಡಿಯೂ ಮಾರೋಕೆ ಆಗಲ್ಲ. ಬಟನ್ ಒತ್ತಿದ ತಕ್ಷಣ ನಿಂತುಹೋಗೋ ಆಟಿಕೆಯನ್ನ ಕೆಟ್ಟಿದೆ ಅಂತ ವಾಪಸ್ ಇಡ್ತಾರೆ!

ಹತ್ತಿರ ಬಂದಿದ್ದು ತಿಳಿಯೋದಕ್ಕೆ ಒಂದು ಪಿಐಆರ್ ಸೆನ್ಸರ್, ಆಫೀಸ್ ಟಾಯ್ಲೆಟ್ಟಿನಲ್ಲಿ ನಾವು ಹೋದಾಗ ದೀಪ ಹತ್ತುತ್ತಲ್ಲ, ಅದೇ. ಬಿಸಿ ಮೈಯೊಂದು ಎದುರಿಂದ ಹಾದಾಗ ಅದರ ಎರಡು ಭಾಗಗಳಿಗೆ ಬೀಳೋ ಇನ್ಫ್ರಾರೆಡ್ ಬೇರೆ ಬೇರೆಯಾಗುತ್ತೆ, ಆ ವ್ಯತ್ಯಾಸವನ್ನ ಹಿಡಿಯುತ್ತೆ. ಕುತ್ತಿಗೆಗೆ ಒಂದು ಸರ್ವೋ ಮೋಟರ್. ಅದಕ್ಕೆ ಸೆಕೆಂಡಿಗೆ 50 ಸಲ ಸಣ್ಣ ಪಲ್ಸ್ ಕಳಿಸಬೇಕು. ಪಲ್ಸ್ ಒಂದೂವರೆ ಮಿಲಿಸೆಕೆಂಡ್ ಇದ್ದರೆ ತಲೆ ನೇರ, ಕಮ್ಮಿಯಾದರೆ ಒಂದು ಕಡೆ, ಜಾಸ್ತಿಯಾದರೆ ಇನ್ನೊಂದು ಕಡೆ. ಎಲ್ಲವನ್ನೂ ನಡೆಸೋದು ಒಂದು ಆರ್ಡುಯಿನೋ ಯುನೋ. ಪ್ರೋಗ್ರಾಂ ಇಡೋಕೆ 32 ಕೆಬಿ, ನೆನಪಿಗೆ 2 ಕೆಬಿ. ಆಫೀಸಿನಲ್ಲಿ ನಾವು ‘ಹಲೋ’ ಅನ್ನೋ ಒಂದು ಪದ ತೋರಿಸೋಕೆ ನೂರಾರು ಎಂಬಿಯ ಕಂಟೇನರ್ ಹೊತ್ತು ತಿರುಗೋ ಜನ. ಇಲ್ಲಿ ಅರವತ್ತು ಸಾಲಿನ ಕೋಡ್. ಅದರಲ್ಲಿ ನಲವತ್ತು ಸಾಲು ತಲೆ ಹೇಗೆ ತಿರುಗಬೇಕು ಅನ್ನೋದಕ್ಕೇ. ಒಂದೇ ವೇಗದಲ್ಲಿ ತಿರುಗಿದರೆ ಅದು ಟೇಬಲ್ ಫ್ಯಾನು. ಮೆಲ್ಲಗೆ ಶುರುವಾಗಿ, ನಡುವೆ ಚೂರು ವೇಗ ಹಿಡಿದು, ಕೊನೆಗೆ ಮತ್ತೆ ನಿಧಾನವಾಗಿ ನಿಂತರೆ ಅದು ನೋಟ. ಆ ಕೊನೆಯ ಐದು ಡಿಗ್ರಿಗೆ ಎರಡು ರಾತ್ರಿ ಕೂತೆ. ಆಫೀಸಿನಲ್ಲಿ ಯಾವ ಟಿಕೆಟ್ಟಿಗೂ ಅಷ್ಟು ಖುಷಿಯಿಂದ ಕೂತಿಲ್ಲ.

ಮುಖಕ್ಕೆ ಅಮ್ಮನ ರೆಸಿಪಿ. ಕಾಗದ ನೆನೆಸಿ ಮುಖ ಮಾಡ್ತಿದ್ದೀನಿ ಅಂತ ಫೋನಲ್ಲಿ ಹೇಳಿದ್ದಕ್ಕೆ, “ಬರೀ ಕಾಗದ ನಿಲ್ಲಲ್ಲ ಕಣೋ, ಮೆಂತ್ಯ ನೆನೆಸಿ ರುಬ್ಬಿ ಹಾಕು” ಅಂದಳು. ಊರಲ್ಲಿ ಮೊರಕ್ಕೆ, ಪುಟ್ಟಿಗೆ ಬಳಿಯೋದು ಹಾಗೇ ಅಲ್ವಾ. ಒಣಗಿದ ಮೇಲೆ ಮುಖ ಕಲ್ಲಾಯಿತು. ಗ್ಯಾರೇಜ್ ಒಂದು ವಾರ ಮೆಂತ್ಯದ ವಾಸನೆ ಹೊಡೀತು, ಅದು ಬೇರೆ ಮಾತು. ಕೈ, ಕುತ್ತಿಗೆ, ಶಾಲು ಇದಕ್ಕೆಲ್ಲ ಇಲ್ಲಿನವರ ವಿದ್ಯೆ: ಗೋಡೆಯ ಸಂದಿಗೆ ಮೆತ್ತೋ ಜಾಯಿಂಟ್ ಕಾಂಪೌಂಡ್ ಐದು ಪಾಲು, ಲೇಟೆಕ್ಸ್ ಪೇಂಟ್ ಒಂದು ಪಾಲು ಕಲಸಿ, ಗೋಣಿಚೀಲ ಅದ್ದಿ, ಮಡಿಕೆ ಮಾಡಿ ಒಣಗಿಸೋದು. ‘ಮಾನ್‌ಸ್ಟರ್ ಮಡ್’ ಅಂತಾರೆ. ಬಾಸ್ಮತಿ ಚೀಲದ ಮೇಲಿದ್ದ ಬ್ರ್ಯಾಂಡ್ ಹೆಸರು ಅಜ್ಜಿಯ ಬೆನ್ನ ಮೇಲೆ ಇನ್ನೂ ಮಸುಕಾಗಿ ಕಾಣುತ್ತೆ.

ಕೈಯಲ್ಲಿ ಮಾಡಿದ್ದು ಅಪಾಯ ಅನ್ನೋರಿಗೆ: ಹೊರಗೆ ಅಂಗಳಕ್ಕೆ ಬಂದಿದ್ದು 5 ವೋಲ್ಟ್ ಮಾತ್ರ, ಮನೆಯ ಕರೆಂಟು ಗ್ಯಾರೇಜಿನಲ್ಲೇ ಉಳಿಯಿತು. ಮೋಟರ್ ಲೈನಿಗೆ ಫ್ಯೂಸ್. ಕಡ್ಡಿಯ ನಡುವೆ ಒಂದು ಸ್ಪ್ರಿಂಗ್, ಯಾರಾದರೂ ಬೆರಳು ಇಟ್ಟರೆ ಸ್ಪ್ರಿಂಗ್ ಮಣಿಯುತ್ತೆ. ಸುತ್ತ ಬೇಲಿ. ಪಂಪ್‌ಸೆಟ್ ಸ್ಟಾರ್ಟರಿನ ಮುಚ್ಚಳ ಇಲ್ಲದ ಊರಿಂದ ಬಂದವರು ನಾವು, ಕರೆಂಟಿಗೆ ಮರ್ಯಾದೆ ಕೊಡೋದು ಗೊತ್ತಿದೆ.

ಒಟ್ಟು ಖರ್ಚು 95 ಡಾಲರ್. ಡ್ರಿಲ್ಲು, ಗರಗಸ ಸೇರಿಸಿಲ್ಲ ಅಂತ ರೂಮ್‌ಮೇಟ್ ತಕರಾರು ತೆಗೆದ. ಅವನು ಅಸ್ಥಿಪಂಜರಕ್ಕೆ ಗ್ಯಾರೇಜಿನ ಮುಕ್ಕಾಲು ಭಾಗ ಬಿಟ್ಟುಕೊಟ್ಟು ಕಾರನ್ನ ವರ್ಷವಿಡೀ ಬಿಸಿಲಲ್ಲಿ ನಿಲ್ಲಿಸ್ತಾನೆ. ಅದನ್ನೂ ಅವನು ಸೇರಿಸಿಲ್ಲ.

ಇನ್ನೊಂದು ಗುಂಪಿದೆ, ಅವರದ್ದು ರೇಟಿನ ತಕರಾರಲ್ಲ. ‘ಇದು ನಮ್ಮ ಸಂಸ್ಕೃತಿ ಅಲ್ಲ’ ಅಂತ ಪ್ರತಿ ಅಕ್ಟೋಬರಿನಲ್ಲೂ ವಾಟ್ಸಾಪಿಗೆ ಹಾಕೋರು. ಅಲ್ಲ, ಒಪ್ಪಿದೆ. ಆದರೆ 2024ರಲ್ಲಿ ಅದೇ ಅಕ್ಟೋಬರ್ 31ಕ್ಕೆ ನರಕ ಚತುರ್ದಶಿಯೂ ಬಿದ್ದಿತ್ತಲ್ಲ, ಅವತ್ತು ನಿಮ್ಮ ಬಾಲ್ಕನಿಯಲ್ಲಿ ತೂಗುಹಾಕಿದ ಆಕಾಶಬುಟ್ಟಿ ಎಲ್ಲಿಯದು? ಬಿದಿರು ಕಡ್ಡಿ ಸೀಳಿ, ಅಂಟು ಕಾಯಿಸಿ, ಬಣ್ಣದ ಕಾಗದ ಮೆತ್ತಿ ಮಾಡ್ತಿದ್ದೆವಲ್ಲ, ಬಾಲ ಕತ್ತರಿಸೋದಕ್ಕೆ ಅಣ್ಣ ತಮ್ಮ ಜಗಳ ಆಡ್ತಿದ್ದೆವಲ್ಲ, ಅದನ್ನ ಕೊಂದಿದ್ದು ಹ್ಯಾಲೋವೀನಾ? ನೂರೈವತ್ತು ರೂಪಾಯಿಗೆ ಮಡಚಿಟ್ಟ ಪ್ಲಾಸ್ಟಿಕ್ ಬುಟ್ಟಿ ಬಂತು, ‘ಯಾರು ಕೂತು ಮಾಡ್ತಾರೆ, ಟೈಮ್ ಎಲ್ಲಿದೆ’ ಅಂದೆವು. ಅದೇ ಲೆಕ್ಕ, ಬೇರೆ ಹಬ್ಬ. ಕೈಯಲ್ಲಿ ಮಾಡಿದ ಪರದೇಶಿ ದೆವ್ವದ ಜತೆ ನಮ್ಮ ಹಬ್ಬಗಳಿಗೆ ಯಾವ ಜಗಳವೂ ಇಲ್ಲ. ನಮ್ಮಲ್ಲೂ ಹೊಲದಲ್ಲಿ ಬೆದರುಬೊಂಬೆ ನಿಲ್ಲಿಸೋರು, ಕಟ್ಟೋ ಮನೆಗೆ ದೃಷ್ಟಿಗೊಂಬೆ ತೂಗುಹಾಕೋರು ಇದ್ದಾರೆ. ಹಳೇ ಪ್ಯಾಂಟು, ಹುಲ್ಲು, ಒಡೆದ ಮಡಕೆ. ಯಾವ ಬೆದರುಬೊಂಬೆಯೂ ಇನ್ನೊಂದರ ಹಾಗಿರಲಿಲ್ಲ.

ಮೂರನೆಯವರು ಹೊಗಳ್ತಾನೇ ಹಾಳುಮಾಡೋರು. “ಸೂಪರ್ ಗುರೂ, ಇದನ್ನ ಮಾರಬಹುದಲ್ಲ? ಚಾನೆಲ್ ಮಾಡು, ಕಿಟ್ ಮಾಡಿ ಬಿಡು.” ಮಾರೋದಾದರೆ ಅದಕ್ಕೂ ‘ಟ್ರೈ ಮಿ’ ಬಟನ್ ಇಡಬೇಕಾಗುತ್ತೆ. ಒಂದು ಕೆಲಸ ಚೆನ್ನಾಗಾಗಿದೆ ಅಂತ ಅನ್ನಿಸಿದ ಕೂಡಲೇ ಅದನ್ನ ಇನ್ನೊಂದು ನೌಕರಿ ಮಾಡಿಬಿಡೋ ಈ ಚಟ ನಮ್ಮ ತಲೆಮಾರಿಗೆ ಯಾರು ಅಂಟಿಸಿದರೋ.

ಎಲ್ಲರೂ ಮಾಡಲೇಬೇಕು ಅಂತ ನಾನು ಹೇಳ್ತಿಲ್ಲ. ಎದುರುಮನೆಯಾಕೆ ಆಸ್ಪತ್ರೆಯಲ್ಲಿ ನರ್ಸು, ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದು ಗಾಳಿ ತುಂಬೋ ಕುಂಬಳಕಾಯಿ ಒಂದನ್ನ ಪ್ಲಗ್ ಹಾಕಿ ನಿಲ್ಲಿಸ್ತಾರೆ. ಅವರಿಗೆ ಸಲಾಂ. ನನ್ನ ಜಗಳ ಇರೋದು ಟೈಮೂ ಇದ್ದು, ಕೈಯೂ ಇದ್ದು, ಎಂಜಿನಿಯರಿಂಗ್ ಡಿಗ್ರಿಯೂ ಇದ್ದು, ಬರೀ ಭಾಗಾಕಾರದ ಭಯಕ್ಕೆ ಸ್ಕ್ರೂಡ್ರೈವರ್ ಮುಟ್ಟದವರ ಜತೆ. ಮನೆಗೆ ಬರೋ ಪ್ರತಿಯೊಂದು ವಸ್ತುವೂ ಮುಚ್ಚಿದ ಡಬ್ಬಿಯಾಗಿಯೇ ಬಂದು, ಮುಚ್ಚಿದ ಡಬ್ಬಿಯಾಗಿಯೇ ಕಸಕ್ಕೆ ಹೋಗೋದನ್ನ ನೋಡ್ತಾ ಬೆಳೆಯೋ ಮಕ್ಕಳಿಗೆ ನಾವು ಕೋಡಿಂಗ್ ಕ್ಲಾಸಿಗೆ ಮಾತ್ರ ತಿಂಗಳಿಗೆ ಇನ್ನೂರು ಡಾಲರ್ ಕಟ್ಟುತ್ತೀವಿ.

ಅಕ್ಟೋಬರ್ 31ಕ್ಕೆ ಆರೂಮುಕ್ಕಾಲರ ಹೊತ್ತಿಗೆ ಕತ್ತಲು ಇಳಿಯಿತು. ಬಾಗಿಲ ಒಂದು ಕಡೆ ದೀಪಾವಳಿ ಹಣತೆ ಸಾಲು, ಇನ್ನೊಂದು ಕಡೆ ಅಜ್ಜಿ. ಅವಳ ಹಿಂದೆ ಒಂದು ಹಲಗೆಯ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದು ನಿಲ್ಲಿಸಿದ್ದೆ. ನಮ್ಮ ಕಡೆ ದೆವ್ವ ಬಂದು ಬಾಗಿಲು ತಟ್ಟುತ್ತೆ ಅಂತ ಮನೆಮನೆಯ ಗೋಡೆಗೂ ಬರೆದಿದ್ದ ಕಾಲ ಇತ್ತಲ್ಲ, ಅದೇ. ಇಲ್ಲಿ ದೆವ್ವ ಒಳಗಡೆಯೇ ಕೂತಿತ್ತು, ಅಷ್ಟೇ ವ್ಯತ್ಯಾಸ.

ಮೊದಲ ಗುಂಪು ಕಿರುಚಲಿಲ್ಲ. ಕುರ್ಚಿ ನಿಂತಾಗ ಅವರೂ ನಿಂತರು. ತಲೆ ತಿರುಗಿದಾಗ ಮುಂದಿದ್ದ ಸ್ಪೈಡರ್‌ಮ್ಯಾನ್ ಒಂದು ಹೆಜ್ಜೆ ಹಿಂದಿಟ್ಟು, ಹಿಂದಿದ್ದ ತಂಗಿಯ ಕೈ ಹಿಡ್ಕೊಂಡ. ಬೀದಿಯ ಕೊನೆಯ ಮನೆಯ ಹುಡುಗ, ಒಂಬತ್ತು ವರ್ಷ ಇರಬಹುದು, ನಾಲ್ಕು ಸಲ ಬಂದ. ಮೂರನೇ ಸಲ ಚಾಕಲೇಟ್ ಬೇಡ ಅಂದ. ನಾಲ್ಕನೇ ಸಲ ಹಲಗೆ ತೋರಿಸಿ ಏನು ಬರೆದಿದೆ ಅಂತ ಕೇಳಿದ. ‘ನಾಳೆ ಬಾ’ ಅಂತ ಇದೆ ಅಂದೆ.

ಮಾರನೇ ದಿನ ಶುಕ್ರವಾರ, ಸ್ಕೂಲ್ ಬಿಟ್ಟ ಮೇಲೆ ನಿಜವಾಗಲೂ ಬಂದ. ಜತೆಗೆ ಇನ್ನಿಬ್ಬರು. ಅಜ್ಜಿಯ ಬೆನ್ನಿನ ಗೋಣಿ ಎತ್ತಿ ಒಳಗಿನದ್ದೆಲ್ಲ ತೋರಿಸಿದೆ. ಸರ್ವೋ ಅವರಿಗೆ ಹೊಸದೇನಲ್ಲ, ಸ್ಕೂಲಿನ ರೋಬೋಟ್ ಕಿಟ್ಟಿನಲ್ಲಿ ನೋಡಿದ್ದರು. ಅವನಿಗೆ ಬೇಕಾಗಿದ್ದದ್ದು ಬೇರೆ. ಪ್ರತಿ ಸಲವೂ ಮುಂದಕ್ಕೆ ಬಾಗಿಯೇ ಯಾಕೆ ನಿಲ್ತಾಳೆ? ಎಲ್ಲಿದೆ ಆ ಕೋಡು? ಕೋಡಿನಲ್ಲಿಲ್ಲ ಅಂದೆ. ನಂಬಲಿಲ್ಲ. ಆರ್ಡುಯಿನೋ ಕಿತ್ತು ಪಕ್ಕಕ್ಕಿಟ್ಟು, ಬರೀ ಸ್ವಿಚ್ಚಿನಲ್ಲಿ ಮೋಟರ್ ನಡೆಸಿ, ಎಲ್ಲೆಂದರಲ್ಲಿ ಆಫ್ ಮಾಡಿ ತೋರಿಸಿದೆ. ಅಜ್ಜಿ ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ಬಗ್ಗಿ ನಿಂತಳು. ಇದು ಯಾವುದರ ಮೋಟರು ಅಂದ. ನಿಮ್ಮಪ್ಪನ ಕಾರಿನಲ್ಲೂ ಇಂಥದ್ದೊಂದು ಇದೆ ಅಂದೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಪ್ಪ ಇನ್ನೂ ಆಫೀಸಿನಿಂದ ಬಂದಿರಲಿಲ್ಲ, ಹಾಗಾಗಿ ನನ್ನ ಕಾರಿನ ಹತ್ತಿರ ಕರ್ಕೊಂಡು ಹೋಗಿ ವೈಪರ್ ಹಾಕಿದೆ. ಮಳೆ ಇಲ್ಲ, ಒಣ ಗಾಜು, ಕಿರ್ ಕಿರ್ ಅಂತ ಸದ್ದು. ಗಾಜಿನ ಅರ್ಧದಲ್ಲಿರುವಾಗ ಆಫ್ ಮಾಡಿದೆ. ಕಡ್ಡಿ ಇನ್ನರ್ಧ ತನ್ನಷ್ಟಕ್ಕೆ ಹೋಗಿ, ವಾಪಸ್ ಬಂದು ಕೆಳಗೆ ಮಲಗಿತು. ಮೂರು ತಲೆಗಳು ಬಾನೆಟ್ಟಿನ ಮೇಲೆ ಬಗ್ಗಿದ್ದವು.

ಇನ್ನೊಂದ್ಸಲ, ಅಂದರು.